ಉಡುಪಿ ಜಿಲ್ಲೆಯಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ವೃದ್ಧರ ಕ್ಯಾನ್ಸರ್ ಆರೈಕೆ

ಆಶಾ ಕಾರ್ಯಕರ್ತೆಯರು ಗ್ರಾಮದ ಜನರನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಯೊಂದಿಗೆ ಜೋಡಿಸುವ ಸಮುದಾಯ ಆರೋಗ್ಯ ಕಾರ್ಯಕರ್ತೆಯರು. ಕರ್ನಾಟಕದ ಕರಾವಳಿಯ ಉಡುಪಿ ಜಿಲ್ಲೆಯಲ್ಲಿಯೂ, ರಾಜ್ಯದ ಇತರೆಡೆಗಳಂತೆ, ವೃದ್ಧರಲ್ಲಿ ಕ್ಯಾನ್ಸರ್ ಲಕ್ಷಣಗಳನ್ನು ಗುರುತಿಸುವುದು, ಆಸ್ಪತ್ರೆಗೆ ಕಳುಹಿಸುವುದು ಮತ್ತು ಚಿಕಿತ್ಸೆಯ ನಂತರ ವಿಚಾರಿಸುವುದು ಇವರ ಕೆಲಸದ ಭಾಗವಾಗಿದೆ.

ಹಿನ್ನೆಲೆ
2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಮಹಿಳೆಯರನ್ನು ಆಶಾ ಆಗಿ ಆಯ್ಕೆ ಮಾಡಲಾಯಿತು. ತಾಯಿ ಮತ್ತು ಮಗುವಿನ ಆರೋಗ್ಯ ಅವರ ಮೊದಲ ಹೊಣೆಯಾಗಿತ್ತು. 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಜಾರಿಗೆ ಬಂದಿತು. ಬಳಿಕ ಅಸಾಂಕ್ರಾಮಿಕ ರೋಗಗಳ ಸಮೀಕ್ಷೆಯೂ ಆಶಾ ಕೆಲಸಕ್ಕೆ ಸೇರಿತು.

ತಪಾಸಣೆ ಮತ್ತು ವಯೋಮಿತಿ
ಆಶಾ ಕಾರ್ಯಕರ್ತೆ 30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಸಮುದಾಯ ಆಧಾರಿತ ಮೌಲ್ಯಮಾಪನ ಪಟ್ಟಿಯನ್ನು ತುಂಬುತ್ತಾರೆ. ಬಾಯಿಯಲ್ಲಿ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಬಳಿಕದ ರಕ್ತಸ್ರಾವ ಮುಂತಾದವನ್ನು ಅದರಲ್ಲಿ ಕೇಳಲಾಗುತ್ತದೆ. ಪರಿಷ್ಕೃತ ಪಟ್ಟಿಯಲ್ಲಿ, 60 ದಾಟಿದವರಿಗೆ ನಡೆಯುವಾಗ ತೂರಾಟ, ನಿತ್ಯಕರ್ಮಗಳಿಗೆ ನೆರವಿನ ಅಗತ್ಯ ಮತ್ತು ಮರೆವಿನ ಬಗ್ಗೆಯೂ ಪ್ರಶ್ನೆಗಳಿವೆ.

2016ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ 30ರಿಂದ 65 ವರ್ಷದವರಿಗೆ, ಐದು ವರ್ಷಕ್ಕೊಮ್ಮೆ ನಡೆಯಬೇಕು. ಆದರೆ ವಯಸ್ಸು ಹೆಚ್ಚಿದಂತೆ ಕ್ಯಾನ್ಸರ್‌ನ ಅಪಾಯವೂ ಹೆಚ್ಚುತ್ತದೆ. ಹೀಗಾಗಿ 65 ದಾಟಿದವರ ವಿಷಯದಲ್ಲಿ ಮನೆಬಾಗಿಲಿನ ಈ ಪ್ರಶ್ನೆಗಳಿಗೆ ವಿಶೇಷ ಮಹತ್ವವಿದೆ.

ಸ್ಥಳೀಯ ಸನ್ನಿವೇಶ
1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 11,77,361. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಮತ್ತು ಅದರ ಭಾಗವಾದ ಶಿರಡಿ ಸಾಯಿಬಾಬಾ ಕ್ಯಾನ್ಸರ್ ಆಸ್ಪತ್ರೆ ಇಲ್ಲಿನ ಪ್ರಮುಖ ಚಿಕಿತ್ಸಾ ಕೇಂದ್ರಗಳು. ಕಾರ್ಕಳದಿಂದ ಮಣಿಪಾಲಕ್ಕೆ ಸುಮಾರು 35 ಕಿ.ಮೀ. ದೂರವಿದೆ, ಕಾಪು ಹೆಚ್ಚು ಸಮೀಪದಲ್ಲಿದೆ. ವಿಕಿರಣ ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಹಲವು ವಾರ ಬರಬೇಕಾಗುವುದರಿಂದ, ಜೊತೆಗಾರರಿಲ್ಲದ ವೃದ್ಧರಿಗೆ ಪ್ರಯಾಣವೇ ದೊಡ್ಡ ತೊಡಕು. ಮಕ್ಕಳು ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿರುವ ಮನೆಗಳು ಜಿಲ್ಲೆಯಲ್ಲಿ ಸಾಮಾನ್ಯ. ತುಳು, ಕೊಂಕಣಿ ಅಥವಾ ಬ್ಯಾರಿ ಮನೆಮಾತಿನ ಹಿರಿಯರಿಗೆ ವೈದ್ಯರ ಸೂಚನೆಯನ್ನು ಅವರದೇ ಭಾಷೆಯಲ್ಲಿ ತಿಳಿಸಲು ಊರಿನವರೇ ಆದ ಕಾರ್ಯಕರ್ತೆಗೆ ಸುಲಭ.

ಆರೈಕೆಯಲ್ಲಿ ಪಾತ್ರ
ಅರ್ಹ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಮಾಹಿತಿ ಒದಗಿಸುವುದು, ಮುಂದಿನ ಭೇಟಿಯ ದಿನವನ್ನು ನೆನಪಿಸುವುದು ಇಂತಹ ನೆರವಿನಲ್ಲಿ ಸೇರುತ್ತವೆ. ಕಿಮೊಥೆರಪಿಯ ನಂತರ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬ ತಿಳಿವಳಿಕೆ ಜೀವ ಉಳಿಸಬಲ್ಲದು. ರೋಗ ಗುಣವಾಗದ ಹಂತದಲ್ಲಿ ನೋವು, ಹಾಸಿಗೆ ಹುಣ್ಣು ಮತ್ತು ಆರೈಕೆದಾರರ ದಣಿವನ್ನು ಗಮನಿಸಿ ಉಪಶಾಮಕ ಆರೈಕೆಯ ತಂಡಕ್ಕೆ ತಿಳಿಸಬಹುದು. ಔಷಧಿ ನಿರ್ಧರಿಸುವುದು ವೈದ್ಯರ ಕೆಲಸ.

ಮಿತಿಗಳು
ಆಶಾ ಕಾರ್ಯಕರ್ತೆಯರು ಖಾಯಂ ನೌಕರರಲ್ಲ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಮೌಲ್ಯಮಾಪನ ಪಟ್ಟಿಯೊಂದಕ್ಕೆ 10 ರೂಪಾಯಿ ಹಾಗೂ ರೋಗ ದೃಢಪಟ್ಟವರ ಆರು ತಿಂಗಳ ಅನುಸರಣೆಗೆ 50 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿತ್ತು. ವೃದ್ಧ ಕ್ಯಾನ್ಸರ್ ರೋಗಿಗೆ ಅಗತ್ಯವಾದ ಪದೇ ಪದೇ ಭೇಟಿಗಳ ಸಮಯ ಮತ್ತು ಶ್ರಮಕ್ಕೆ ಈ ಮೊತ್ತ ಬಹಳ ಕಡಿಮೆ.