ಓಪಿಯಾಯ್ಡ್ ಬಳಕೆ ಮತ್ತು ವೈರಾಣು ಸೋಂಕು

ಅಫೀಮು, ಮಾರ್ಫೀನ್, ಹೆರಾಯಿನ್ ಮೊದಲಾದ ಓಪಿಯಾಯ್ಡ್‌ಗಳ ವ್ಯಸನಿಗಳಲ್ಲಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಸೋಂಕು ಹೆಚ್ಚು. ಸೋಂಕು ತಗಲುವುದು ಹಂಚಿಕೊಂಡ ಸೂಜಿಯಿಂದಲೋ, ಮಾದಕವೇ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದಲೋ ಎಂಬುದು ಈ ವಿಷಯದ ಮುಖ್ಯ ವಿವಾದ. ಹಲವು ಬರಹಗಳು ಇವೆರಡನ್ನೂ ಬೆರೆಸಿಬಿಟ್ಟಿವೆ.

ಅಫೀಮು ಕೊಟ್ಟ ಗಿನಿಯಿಲಿಗಳಲ್ಲಿ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಮಂದವಾಗುವುದನ್ನು ವಿಜ್ಞಾನಿ ಕಾಂಟಾಕುಜೀನ್ 1898ರಲ್ಲೇ ಗುರುತಿಸಿದ್ದ. ಆದರೆ ಅದು ಬ್ಯಾಕ್ಟೀರಿಯಾ ಕುರಿತ ಪ್ರಯೋಗ. ಮನುಷ್ಯರ ರೋಗನಿರೋಧಕ ಟಿ-ಕಣಗಳ ಮೇಲೆ ಮಾರ್ಫೀನ್‌ಗೆ ಸ್ಪಂದಿಸುವ ಗ್ರಾಹಕಗಳಿವೆ ಎಂಬ ಸುಳಿವು ಸಿಕ್ಕಿದ್ದು 1979ರಲ್ಲಿ.

ಏಡ್ಸ್ ಬಂದ ಮೇಲೆ ಪ್ರಶ್ನೆ ತುರ್ತಾಯಿತು. ಮಣಿಪುರದಲ್ಲಿ 1989ರ ಸೆಪ್ಟೆಂಬರ್‌ವರೆಗೆ ಪರೀಕ್ಷಿಸಿದ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಒಬ್ಬರಲ್ಲೂ ಎಚ್‌ಐವಿ ಕಂಡಿರಲಿಲ್ಲ. ಆರು ತಿಂಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಂಡಿತು. ಇಷ್ಟು ವೇಗದ ಹರಡುವಿಕೆಗೆ ಸೂಜಿಯೊಂದೇ ಸಾಕು. ಮಾರ್ಫೀನ್‌ನ ಪಾತ್ರವನ್ನು ಇಂಥ ಅಂಕಿಗಳಿಂದ ಬೇರ್ಪಡಿಸಲಾಗದು.

ಅದನ್ನು ಬೇರ್ಪಡಿಸಿ ನೋಡಿದ್ದು ಪ್ರಯೋಗಾಲಯ. ಮಾರ್ಫೀನ್ ಬೆರೆಸಿದ ರಕ್ತಕಣಗಳಲ್ಲಿ ಎಚ್‌ಐವಿ ಹೆಚ್ಚು ಬೆಳೆಯುತ್ತದೆಂದು ಪೀಟರ್ಸನ್ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದರು. ವೈರಾಣು ಒಳನುಗ್ಗಲು ಬಳಸುವ ಸಿಸಿಆರ್5 ಗ್ರಾಹಕ ಮಾರ್ಫೀನ್‌ನಿಂದ ಹೆಚ್ಚುತ್ತದೆಂದು ಮುಂದೆ ತಿಳಿಯಿತು. 2003ರಲ್ಲಿ ಯಕೃತ್ತಿನ ಜೀವಕೋಶಗಳಲ್ಲಿ ಹೆಪಟೈಟಿಸ್ ಸಿ ವೈರಾಣುವಿನ ವೃದ್ಧಿಗೂ ಮಾರ್ಫೀನ್ ನೆರವಾಗುವುದು ಕಂಡಿತು.

ಎಚ್‌ಐವಿಯನ್ನು ಹೋಲುವ ವೈರಾಣು ತಗಲಿಸಿದ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಫಲಿತಾಂಶ ಒಡೆಯಿತು. ಪೋರ್ಟೊರಿಕೊದ ತಂಡವೊಂದು ಮಾರ್ಫೀನ್‌ಗೆ ಒಗ್ಗಿದ ಮಕಾಕ್‌ಗಳಲ್ಲಿ ರೋಗ ಬೇಗ ಉಲ್ಬಣಿಸಿತು ಎಂದರೆ, ಸಂಶೋಧಕ ಡೊನಾಹೊ ಬಳಗಕ್ಕೆ ಏರಿಳಿತವಿಲ್ಲದೆ ಮಾದಕ ಸಿಗುತ್ತಿದ್ದ ಕೋತಿಗಳಲ್ಲಿ ಅದು ನಿಧಾನವಾದದ್ದು ಕಂಡಿತು. ವೈರಾಣುವಿನ ತಳಿ, ಡೋಸ್, ಮಾದಕ ಸಿಗದಾಗಿನ ದೈಹಿಕ ತಳಮಳ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಎಚ್‌ಐವಿ ಸೋಂಕಿತ ವ್ಯಸನಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲೂ ಅವರು ಇತರರಿಗಿಂತ ಬೇಗ ಏಡ್ಸ್‌ಗೆ ಜಾರಿದರೆಂಬುದು ಸ್ಥಿರವಾಗಿ ಕಂಡುಬರಲಿಲ್ಲ. ಗಾಜಿನ ತಟ್ಟೆಯ ಫಲಿತಾಂಶವನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸಿದ ಬರಹಗಳು ಎಡವಿರುವುದು ಇಲ್ಲೇ.

2020ರಲ್ಲಿ ಅಮೆರಿಕದ ಸುಮಾರು 7.3 ಕೋಟಿ ಜನರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದಾಗ, ಆಗಷ್ಟೇ ಓಪಿಯಾಯ್ಡ್ ವ್ಯಸನ ಪತ್ತೆಯಾದವರಲ್ಲಿ ಕೋವಿಡ್ ಕಾಣಿಸುವ ಸಂಭವ ಬಹಳ ಹೆಚ್ಚಿತ್ತು. ವಸತಿ, ಬಡತನ, ಶ್ವಾಸಕೋಶದ ರೋಗಗಳೂ ಜೊತೆಗಿರುವುದರಿಂದ ಇದನ್ನು ಮಾದಕದ ನೇರ ಪರಿಣಾಮವೆನ್ನಲಾಗದು.

ಚಿಕಿತ್ಸೆಯ ಬಗೆಗಿನ ಪುರಾವೆ ಹೆಚ್ಚು ಗಟ್ಟಿ. ಮೆಥಡೋನ್‌ನಂಥ ಬದಲಿ ಔಷಧ ಪಡೆಯುತ್ತಿರುವ, ಚುಚ್ಚಿಕೊಳ್ಳುವ ವ್ಯಸನಿಗಳಲ್ಲಿ ಎಚ್‌ಐವಿ ತಗಲುವ ಅಪಾಯ ಶೇ. 54ರಷ್ಟು ಕಡಿಮೆ ಎಂದು 2012ರ ಸಮೀಕ್ಷಾ ವಿಶ್ಲೇಷಣೆ ತೋರಿಸಿತು. ಆ ಔಷಧವೂ ಓಪಿಯಾಯ್ಡೇ.