ಬಚ್ಚಲಾಕು

ನಮ್ಮ ಅಜ್ಜಿ ಮದುವೆಯಾಗಿ ಆಂಧ್ರದ ಗಡಿಸೀಮೆಯ ಸೆಟ್ಟೂರಿಗೆ ಬಂದ ಹೊಸತರಲ್ಲಿ ಒಂದು ಪಾತ್ರೆ ಬೇಳೆಕಟ್ಟನ್ನು ಬಚ್ಚಲಿಗೆ ಸುರಿದಿದ್ದಳಂತೆ. ಅವಳ ತವರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ. ಅಲ್ಲಿ ಮನೆಮಾತು ಕನ್ನಡ. ಸೇರಿದ ಮನೆಯಲ್ಲಿ ಅತ್ತೆಯದು ತೆಲುಗು. ಒಲೆಯ ಮುಂದೆ ಕೂತಿದ್ದ ಅತ್ತೆ, ಬೇಳೆ ಬಸಿದು ಕಟ್ಟಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಹಿತ್ತಲ ಕಡೆ ಕೈ ತೋರಿಸಿ, "ಬಚ್ಚಲಾಕು ಅಮ್ಮಾ, ಬಚ್ಚಲಾಕು" ಅಂದರು. ತೆಲುಗಿನಲ್ಲಿ ಆಕು ಅಂದರೆ ಎಲೆ, ಬಚ್ಚಲಿ ಅಂದರೆ ಬಸಳೆ. ಬಸಳೆ ಎಲೆ ಕಿತ್ತುಕೊಂಡು ಬಾ ಅನ್ನುವುದು ಅವರ ಮಾತು. ಹಕಾರ ನುಂಗಿ ಮಾತಾಡುವ ನಮ್ಮ ಸೀಮೆಯ ಕನ್ನಡದ ಕಿವಿಗೆ ಅದು ಕೇಳಿಸಿದ್ದು ಬೇರೆ: ಬಚ್ಚಲಿಗೆ ಹಾಕು, ಬಚ್ಚಲ್ಗಾಕು. ಹೊಸ ಸೊಸೆ ಅತ್ತೆಯ ಮಾತಿಗೆ ಎದುರಾಡುವುದುಂಟೆ? ಪಾತ್ರೆ ಎತ್ತಿಕೊಂಡು ಹೋಗಿ ಸುರಿದಳು. ಬೇಳೆಕಟ್ಟು ಬಚ್ಚಲ ಬಂಡೆಯ ಮೇಲೆ ಹರಿದು, ತೂಬು ದಾಟಿ, ನೇರ ಹೋಗಿ ನಿಂತದ್ದು ಅದೇ ಬಸಳೆಯ ಬುಡಕ್ಕೆ.

ಅತ್ತೆ ಬೈಯಲಿಲ್ಲವಂತೆ. ಎದ್ದು ಬಂದು ಒಂದು ಎಲೆ ಕಿತ್ತು ಕೈಗಿಟ್ಟು, "ಇದಿ. ಬಚ್ಚಲಾಕು" ಅಂದರಂತೆ. ಅಜ್ಜಿ ಎಲೆ ನೋಡಿ, "ಇದು ಬಸಳೆ ಅಲ್ಲವೇನತ್ತೆ" ಅಂದಳಂತೆ. ಅತ್ತೆ ಸೊಸೆಯರ ಮಧ್ಯೆ ಆದ ಮೊದಲ ಪೂರ್ತಿ ಸಂಭಾಷಣೆ ಅದೇ ಎಂದು ಅಜ್ಜಿ ಹೇಳುತ್ತಿದ್ದಳು.

ಅಜ್ಜಿಗೆ ಅದು ಸಂಸಾರದ ಕತೆ. ನನಗೆ ಆ ಮೂರು ಮಾತುಗಳೇ ಗಂಟು ಬಿದ್ದವು: ಬಸಳೆ, ಬಚ್ಚಲಿ, ಬಚ್ಚಲು. ಮೊದಲೆರಡು ಒಂದೇ ಬೇರಿನವು. ತಮಿಳಿನಲ್ಲಿ ಇದೇ ಬಳ್ಳಿ ವಸಲೈ, ಪಸಲೈ. ತುಳುವಿನಲ್ಲಿ ನಮ್ಮ ಹಾಗೆಯೇ ಬಸಳೆ. ತಮಿಳು ಉಳಿಸಿಕೊಂಡ ವಕಾರ ಕನ್ನಡದಲ್ಲಿ ಬಕಾರವಾಗಿ ನಿಲ್ಲುವುದು ಹಳೆಯ ರೂಢಿ. ಅವರ ವಿಲ್ ನಮಗೆ ಬಿಲ್ಲು, ಅವರ ವೇರ್ ನಮಗೆ ಬೇರು, ವಾಯ್ ಬಾಯಿ. ವಸಲೈ ಬಸಳೆಯಾಗಿ ಕೇಳುವುದು ಈ ಸಾಲಿಗೇ ಹೊಂದುತ್ತದೆ. ತೆಲುಗು ನಡುವಿನ ಅಕ್ಷರವನ್ನು ಒತ್ತಿ ಹಿಡಿದು ಬಚ್ಚಲಿ ಅಂದಿತು. ಬಚ್ಚಲು ಎಂಬ ಮೂರನೆಯ ಮಾತಿಗೂ ಇವಕ್ಕೂ ಇರುವುದು ದನಿಯ ನಂಟು ಮತ್ತು ಜಾಗದ ನಂಟು. ನಿಘಂಟಿನ ನಂಟನ್ನು ನಾನು ಕಟ್ಟಲಾರೆ. ಆದರೆ ಜಾಗದ ನಂಟು ಸಣ್ಣದಲ್ಲ.

ಸಂಸ್ಕೃತದಲ್ಲಿ ಈ ಬಳ್ಳಿಗೆ ಉಪೋದಕೀ ಎಂಬ ಹೆಸರುಂಟು. ಉಪ ಅಂದರೆ ಬಳಿ, ಉದಕ ಅಂದರೆ ನೀರು. ನೀರಿನ ಬಳಿ ಇರುವವಳು. ಈ ಪದವನ್ನು ಮೊದಲ ಸಲ ಓದಿದಾಗ ನನ್ನ ಕಣ್ಣ ಮುಂದೆ ಹೊಳೆಯೂ ಬರಲಿಲ್ಲ, ಕೆರೆಯೂ ಬರಲಿಲ್ಲ. ಬಂದದ್ದು ಹಿತ್ತಲ ಬಚ್ಚಲಿನ ತೂಬು, ಅದರ ಬಾಯಲ್ಲಿ ಸದಾ ಒದ್ದೆಯಾಗಿರುತ್ತಿದ್ದ ಒಂದು ಮೊಳ ಕಪ್ಪು ಮಣ್ಣು. ಸುತ್ತ ಎಲ್ಲ ಕೆಂಪು ನೆಲ. ಆ ಒಂದು ಮೊಳ ಮಾತ್ರ ಕಪ್ಪು.

ಸೆಟ್ಟೂರನ್ನು ಕಂಡವರಿಗೆ ಆ ಒಂದು ಮೊಳದ ಬೆಲೆ ಗೊತ್ತು. ಕಲ್ಯಾಣದುರ್ಗದ ಸೀಮೆ, ಶೇಂಗಾ ಬೆಳೆಯುವ ಮಣ್ಣು, ಪಶ್ಚಿಮ ಘಟ್ಟದ ಮಳೆನೆರಳು. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮಂಗಳೂರಿನಲ್ಲಿ 3,000 ಮಿಲಿಮೀಟರ್ ದಾಟುತ್ತದೆ. ಅಲ್ಲಿಯೂ ಬಸಳೆಯೇ ಮನೆಮನೆಯ ಬಳ್ಳಿ. ಅಂಗಳದ ಪಕ್ಕದಲ್ಲಿ ಬಸಳೆ ಚಪ್ಪರ, ಅಡುಗೆಮನೆಯಲ್ಲಿ ಬಸಳೆಗೆ ಹಲಸಿನ ಬೀಜ ಇಲ್ಲವೆ ಸಿಗಡಿ. ಅಲ್ಲಿ ನೀರು ಆಕಾಶದಿಂದ ಬರುತ್ತದೆ. ನಮ್ಮಲ್ಲಿ ಬಸಳೆಗೆ ನೀರು ಬರುತ್ತಿದ್ದುದು ಮನುಷ್ಯರ ಮೈಮೇಲಿಂದ. ದೂರದ ಬಾವಿಯಿಂದ ಹೊತ್ತು ತಂದ ಕೊಡ, ಅದರಲ್ಲಿ ಮೈ ತೊಳೆದದ್ದು, ರಾಗಿ ಮುದ್ದೆಯ ತಟ್ಟೆ ತೊಳೆದದ್ದು, ಅಕ್ಕಿ ತೊಳೆದದ್ದು. ಒಂದೇ ನೀರು ಎರಡು ಸಲ ದುಡಿದು, ಮೂರನೆಯ ಸಲ ಎಲೆಯಾಗಿ ಒಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ಊರಿನಲ್ಲಿ ಎಲ್ಲೆಲ್ಲಿ ಹಸಿರು ಕಾಣುತ್ತದೋ ಅಲ್ಲಲ್ಲಿ ಒಂದು ಬಚ್ಚಲಿದೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಬೇಸಿಗೆ ಅಂದೆ. ಈ ಬಳ್ಳಿಯ ದೊಡ್ಡಗುಣ ಕಾಣುವುದು ಆಗಲೇ. ಯುಗಾದಿ ದಾಟಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುವಾಗ ಕೊತ್ತಂಬರಿ ಮಡಿಯಲ್ಲೇ ಹೂವಿಗೆ ಬರುತ್ತದೆ, ಮೆಂತ್ಯ ಕಹಿಯಾಗಿ ಬಲಿಯುತ್ತದೆ, ಪಾಲಕ್ ಎಲೆ ಬಿಡುವುದನ್ನು ಬಿಟ್ಟು ಬೀಜಕ್ಕೆ ಹೊರಡುತ್ತದೆ. ಬಸಳೆ ಆಗ ಕುಡಿ ಚಾಚುತ್ತದೆ. ಬುಡಕ್ಕೆ ತೇವ ಇದ್ದರೆ ಸಾಕು, ತಲೆಗೆ ಎಷ್ಟು ಬಿಸಿಲಾದರೂ ಬೀಳಲಿ. ಅದಕ್ಕೆ ಆಗದ್ದು ಚಳಿ. ಮಾಗಿಯಲ್ಲಿ ಎಲೆ ಸಣ್ಣದಾಗಿ, ಗೆಣ್ಣು ಗೆಣ್ಣಿಗೂ ತಿಳಿಗೆಂಪು ಹೂ ಬರುತ್ತವೆ. ಅವು ಮೊಗ್ಗಿನಂತೆ ಮುಚ್ಚಿಕೊಂಡೇ ಇದ್ದು, ಪೂರ್ತಿ ಅರಳದೆಯೇ ಕಾಯಾಗುತ್ತವೆ. ಆಮೇಲೆ ಕಪ್ಪುನೇರಳೆ ಬಣ್ಣದ ಹಣ್ಣು. ಅದನ್ನು ಹಿಸುಕಿ ಅಂಗೈಗೆ, ಉಗುರಿಗೆ, ಸ್ಲೇಟಿಗೆ ಬಳಿದುಕೊಳ್ಳದ ಮಕ್ಕಳು ನಮ್ಮ ಓಣಿಯಲ್ಲಿರಲಿಲ್ಲ. ಬೀಟ್‌ರೂಟಿನ ಬಣ್ಣದ ಬಳಗಕ್ಕೇ ಸೇರಿದ ಬಣ್ಣ ಅದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಗೊತ್ತಿದ್ದದ್ದು, ಅದು ಅಂಗಿಗೆ ತಗುಲಿದರೆ ಅವ್ವನ ಕೈಗೆ ಸಿಗಬಾರದು ಅನ್ನುವುದೊಂದೇ. (ಅವ್ವ ಎಂಬುದೂ ಗಡಿಯ ಮಾತೇ. ಕನ್ನಡದ ಮನೆಯಲ್ಲಿ ಅವ್ವ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ನಮ್ಮ ಮನೆಯಲ್ಲಿ ಅವ್ವಾ ಎಂದು ಕೂಗಿದರೆ ಇಬ್ಬರು ಓಗೊಡುತ್ತಿದ್ದರು.)

ಅಜ್ಜಿ ಆ ಮೊದಲ ವರ್ಷವೇ ತವರಿಗೆ ಹೋದಾಗ ಒಂದು ಬಸಳೆ ಕಡ್ಡಿ ತಂದಳು. ನಾಲ್ಕು ಗೆಣ್ಣು ಇರುವಂತೆ ಮುರಿದು, ಒದ್ದೆ ಬಟ್ಟೆ ಸುತ್ತಿ, ಸೆರಗಿನಲ್ಲಿಟ್ಟುಕೊಂಡು. ಬಸಳೆಗೆ ಬೀಜಕ್ಕಿಂತ ಕಡ್ಡಿಯೇ ಬೇಗ. ಎರಡು ಗೆಣ್ಣು ಮಣ್ಣೊಳಗೆ ಹೋದರೆ ವಾರದಲ್ಲಿ ಬೇರು ಹಿಡಿಯುತ್ತದೆ. ಅತ್ತೆಯ ಮನೆಯಲ್ಲಿ ಇದ್ದದ್ದು ಕೆಂಪು ದಂಟಿನದು, ಎರ್ರ ಬಚ್ಚಲಿ. ಅಜ್ಜಿ ತಂದದ್ದು ಹಸಿರು ದಂಟಿನದು. ಎರಡನ್ನೂ ಒಂದೇ ಜಾಲಿಕಂಬಕ್ಕೆ ಹಬ್ಬಿಸಿದರು. ಆಮೇಲೆ ಆ ಮನೆಯಲ್ಲಿ ಆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಎರಡು ಭಾಷೆಯ ಎರಡು ಮಾತುಗಳು ಕೆಲಸ ಹಂಚಿಕೊಂಡವು. ಕೆಂಪಿನದು ಬಚ್ಚಲಿಯಾಯಿತು, ಹಸಿರಿನದು ಬಸಳೆಯಾಯಿತು. ಅತ್ತೆಯೂ ಹಾಗೇ ಕರೆದರು, ಸೊಸೆಯೂ ಹಾಗೇ ಕರೆದಳು. "ಬಸಳೆ ಒಂದು ಹಿಡಿ, ಬಚ್ಚಲಿ ಎರಡು ಹಿಡಿ ಕಿತ್ತುಕೊಂಡು ಬಾ" ಅಂದರೆ ಮಕ್ಕಳಾದ ನಮಗೆ ಗೊಂದಲವೇ ಇರಲಿಲ್ಲ. ಅವೆರಡೂ ಒಂದೇ ಅರ್ಥದ ಮಾತು ಎಂದು ಗೊತ್ತಾದದ್ದು ನಾನು ಕಲ್ಯಾಣದುರ್ಗಕ್ಕೆ ಓದಲು ಹೋದ ಮೇಲೆ.

ಸಸ್ಯವಿಜ್ಞಾನಿ ಲಿನೇಯಸ್ ಮಾಡಿದ್ದೂ ಇದನ್ನೇ. 1753ರಲ್ಲಿ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು ಪಟ್ಟಿ ಮಾಡಿದಾಗ ಕೆಂಪಿನದಕ್ಕೆ ಬಸೆಲ್ಲಾ ರೂಬ್ರಾ, ಇನ್ನೊಂದಕ್ಕೆ ಬಸೆಲ್ಲಾ ಆಲ್ಬಾ ಎಂದು ಬೇರೆ ಬೇರೆ ಜಾತಿ ಮಾಡಿದ. ಈಗಿನ ಸಸ್ಯವಿಜ್ಞಾನಿಗಳು ಎರಡನ್ನೂ ಕೂಡಿಸಿ ಒಂದೇ ಜಾತಿ, ಬಸೆಲ್ಲಾ ಆಲ್ಬಾ, ಅನ್ನುತ್ತಾರೆ. ಅಜ್ಜಿ ಹೆಸರಿನಲ್ಲಿ ಎರಡು ಮಾಡಿದ್ದರೂ ಪಾತ್ರೆಯಲ್ಲಿ ಮೊದಲಿಂದಲೂ ಒಂದೇ ಮಾಡುತ್ತಿದ್ದಳು.

ಆ ಬಸೆಲ್ಲಾ ಎಂಬ ಮಾತನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಅದು ಲ್ಯಾಟಿನ್ ಅಂಗಿ ತೊಟ್ಟ ನಮ್ಮ ಕರಾವಳಿಯ ಮಾತು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ಮಾಡಿಸಿದ ಹೊರ್ಟುಸ್ ಮಲಬಾರಿಕುಸ್ ಎಂಬ ಗ್ರಂಥ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂತು. ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಗಿಡಗಳ ಹೆಸರು ಮತ್ತು ಗುಣಗಳನ್ನು ಹೇಳಿಕೊಟ್ಟರು. ಆ ಗ್ರಂಥದಲ್ಲಿ ಈ ಬಳ್ಳಿ ಊರವರು ಕರೆದ ಹೆಸರಿನಲ್ಲೇ ನಿಂತಿದೆ. ಲಿನೇಯಸ್ ಅದನ್ನೇ ಎತ್ತಿಕೊಂಡ. ಈಗ ಒಂದು ಇಡೀ ಸಸ್ಯಕುಟುಂಬಕ್ಕೆ ಬಸೆಲ್ಲೇಸಿಯೆ ಎಂಬ ಹೆಸರು. ದಕ್ಷಿಣ ಅಮೆರಿಕದ ಬಳ್ಳಿಗಳೂ ಆ ಕುಟುಂಬದಲ್ಲಿ ಸೇರಿವೆ. ನಮ್ಮ ಬಚ್ಚಲ ಬಳಿಯ ಮಾತು ಆಂಡಿಸ್ ಬೆಟ್ಟದ ಗಿಡಗಳ ಕೊರಳಿಗೂ ಬಿದ್ದಿದೆ ಎಂದು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಮನೆಯೊಳಗೂ ಈ ಮಾತು ಸುಮ್ಮನೆ ಕೂತಿಲ್ಲ. ದಪ್ಪ, ನೀರುತುಂಬಿದ ಎಲೆ ಕಂಡಲ್ಲೆಲ್ಲ ಕನ್ನಡ ಬಸಳೆಯನ್ನು ಅಳತೆಗೋಲು ಮಾಡಿಕೊಂಡಿತು. ಎಲೆಯ ಅಂಚಿನಲ್ಲೇ ಮರಿ ಹುಟ್ಟಿಸುವ ಗಿಡ ಕಾಡುಬಸಳೆ. ಬಳ್ಳಿಯಾಗದೆ ನೆಲದಲ್ಲೇ ಪೊದೆಯಾಗುವ, ಅಮೆರಿಕದಿಂದ ಬಂದು ಊರದೇ ಆಗಿಹೋದ ಸೊಪ್ಪು ನೆಲಬಸಳೆ. ಇವೆಲ್ಲ ಕಣ್ಣಿಟ್ಟು ನೋಡಿದವರು ಇಟ್ಟ ಹೆಸರುಗಳು.

ಒಂದು ಬಳಕೆ ಮಾತ್ರ ನನಗೆ ನೋವು ಕೊಡುತ್ತದೆ. ಇಂಗ್ಲಿಷಿನ ಸ್ಪಿನಾಚ್ ಎಂಬುದಕ್ಕೆ ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಬಸಳೆ ಎಂದು ಬರೆಯುತ್ತಾರೆ. ಸ್ಪಿನಾಚ್ ಬೇರೆ ಗಿಡ, ಚಳಿಯ ಗಿಡ. ನಾವು ಪಾಲಕ್ ಎಂದು ಕೊಳ್ಳುವುದು ಹೆಚ್ಚಾಗಿ ಬೀಟ್‌ರೂಟಿನ ದಾಯಾದಿ. ಬಸಳೆ ಇವೆರಡಕ್ಕೂ ಸೇರದ ಬಳ್ಳಿ. ಇಂಗ್ಲಿಷಿನವರೇ ಇದನ್ನು ಮಲಬಾರ್ ಸ್ಪಿನಾಚ್ ಎಂದು ಬೇರೆ ಹೆಸರಿಟ್ಟು ಕರೆದರು. ತಮ್ಮ ಸೊಪ್ಪಿಗೂ ಇದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ತಿಳಿದಿತ್ತು. ನಾವು ಅದನ್ನು ತಿರುಗಿ ಕನ್ನಡಕ್ಕೆ ತರುವಾಗ ಇದ್ದ ವ್ಯತ್ಯಾಸವನ್ನೇ ಅಳಿಸಿದೆವು. ಪಟ್ಟಣದ ಹುಡುಗರು ಬಸಳೆ ಕೊಡಿ ಎಂದು ಕೇಳಿ ಪಾಲಕ್ ಕಟ್ಟು ಹಿಡಿದು ಹೋಗುವುದನ್ನು ನೋಡಿದ್ದೇನೆ. ಬಳ್ಳಿಯೂ ಮಾತೂ ಎರಡೂ ಇರುವ ಭಾಷೆಯಲ್ಲಿ ಹೀಗಾಗಬಾರದಿತ್ತು.

ಬಸಳೆ ತಿಂದು ಬೆಳೆಯದವರಿಗೆ ಅದರ ಲೋಳೆ ಸೇರುವುದಿಲ್ಲ. ಅಜ್ಜಿ ಅದಕ್ಕೆ ಎರಡು ಉಪಾಯ ಮಾಡುತ್ತಿದ್ದಳು. ಎಲೆಯನ್ನು ತೊಳೆದು, ನೀರು ಪೂರ್ತಿ ಆರಿದ ಮೇಲೆಯೇ ಹೆಚ್ಚುವುದು ಒಂದು. ಹುಣಸೆಹಣ್ಣಿಗೆ ಕೈ ಹಿಡಿಯದೆ ಇರುವುದು ಇನ್ನೊಂದು. ಹುಳಿ ಬಿದ್ದರೆ ಲೋಳೆ ಮುರಿಯುತ್ತದೆ. ತೊಗರಿಬೇಳೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊನೆಗೆ ಒಂದು ಹಿಡಿ ಹುರಿದ ಶೇಂಗಾ ಪುಡಿ. ದಂಟನ್ನೂ ಬೆರಳುದ್ದ ಮುರಿದು ಹಾಕುತ್ತಿದ್ದಳು. ಕರಾವಳಿ ಆಂಧ್ರದ ಮದುವೆ ಊಟದಲ್ಲಿ ಸುವರ್ಣಗೆಡ್ಡೆಯ ಜೊತೆ ಬೇಯಿಸುವ ಕಂದ ಬಚ್ಚಲಿಗೆ ಎಲೆಯ ಮೇಲೆ ಗೌರವದ ಜಾಗವಿದೆ. ನಮ್ಮ ಕಡೆ ಅದು ಮದುವೆಗೆ ಬರಲಿಲ್ಲ. ಮುದ್ದೆಯ ಜೊತೆಗೇ ಉಳಿಯಿತು. ಮುದ್ದೆ ನುಂಗುವವನಿಗೆ ಲೋಳೆ ಕಷ್ಟವಲ್ಲ, ಅನುಕೂಲ.

ಮನೆಯ ಹೊರಗೆ ಗಡಿಗಳು ಸರಿಯುತ್ತಲೇ ಇದ್ದವು. ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಬೇರೆಯಾದದ್ದು 1882ರಲ್ಲಿ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಈ ಕಡೆ ಬಂತು. 2022ರಲ್ಲಿ ಹಿಂದೂಪುರದ ಕಡೆಯೆಲ್ಲ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು, ಸೆಟ್ಟೂರು ಅನಂತಪುರದಲ್ಲೇ ಉಳಿಯಿತು. ಇಷ್ಟೆಲ್ಲ ಆದರೂ ನಮ್ಮ ಹಿತ್ತಲಲ್ಲಿ ಬಸಳೆ ಬಚ್ಚಲಿಗಳ ಪಾಲು ಬದಲಾಗಲಿಲ್ಲ. ಬದಲಾಯಿಸಿದ್ದು ಸಿಮೆಂಟು. ಬಚ್ಚಲು ಬಾತ್‌ರೂಮ್ ಆಯಿತು, ಮನೆಯೊಳಗೆ ಬಂತು, ನೀರು ಪೈಪಿನಲ್ಲಿ ಕಾಣದಂತೆ ಹೋಗತೊಡಗಿತು. ತೂಬಿನ ಬಾಯಿ ಮುಚ್ಚಿತು. ಸೀಗೆಕಾಯಿ, ಕಡಲೆಹಿಟ್ಟು, ಒಲೆಯ ಬೂದಿಯ ನೀರನ್ನು ಕುಡಿಯುತ್ತಿದ್ದ ಬಳ್ಳಿಗೆ ಸೋಪಿನ ಪುಡಿಯ ನೊರೆ ಬೇರೆ. ಶೌಚದ ನೀರೂ ಸೇರಿದ ಮೇಲೆ ಅಲ್ಲಿ ಸೊಪ್ಪು ಬೆಳೆಯುವುದು ತಪ್ಪೇ. ಬಚ್ಚಲು ಹೋದುದರಿಂದ ಹೆಂಗಸರಿಗೆ ಮರೆ ಸಿಕ್ಕಿತು, ಅದು ದೊಡ್ಡ ಮಾತು. ಆದರೆ ಒಂದೇ ನೀರು ಮೂರು ಸಲ ದುಡಿಯುವುದು ನಿಂತುಹೋಯಿತು. ಅದನ್ನು ಹೇಳುವ ಮಾತೂ ಮನೆಯಿಂದ ಹೊರಟುಹೋಗುತ್ತಿದೆ.

ಅಜ್ಜಿ ಕೊನೆಯವರೆಗೂ ಬಂದವರಿಗೆಲ್ಲ ಬಸಳೆ ಕಡ್ಡಿ ಮುರಿದು ಕೊಡುತ್ತಿದ್ದಳು. ಎಲ್ಲಿ ನೆಡಲಿ ಅಂದವರಿಗೆ ಅವಳದು ಒಂದೇ ಉತ್ತರ: "ಬಚ್ಚಲ್ಗಾಕು." ಕನ್ನಡದಲ್ಲಿ ಹಾಕುವುದೆಂದರೆ ಎಸೆಯುವುದೂ ಹೌದು, ಗಿಡ ಹಾಕುವುದೂ ಹೌದು. ಮೊದಲ ದಿನ ತಪ್ಪಾಗಿ ಕೇಳಿಸಿಕೊಂಡ ಮಾತನ್ನೇ ಅವಳು ಅರವತ್ತು ವರ್ಷ ಸರಿಯಾಗಿ ಹೇಳಿದಳು.

ಈ ಬೇಸಿಗೆಯಲ್ಲಿ ಅನಂತಪುರದ ಮೂರನೆಯ ಮಹಡಿಯಲ್ಲಿರುವ ತಂಗಿಯ ಮಗಳಿಗೆ ಎರಡು ಕಡ್ಡಿ ಒಯ್ದುಕೊಟ್ಟೆ, ಒಂದು ಕೆಂಪು, ಒಂದು ಹಸಿರು. "ಎಲ್ಲಿ ಹಾಕಲಿ ಮಾಮ?" ಅಂದಳು. ನನ್ನ ಬಾಯಿಂದ ಅಜ್ಜಿಯ ಮಾತೇ ಬಂತು. ಹುಡುಗಿ ಮನೆಯೆಲ್ಲ ತಿರುಗಿ, ಬಾಲ್ಕನಿಯಲ್ಲಿ ಕುಡಿಯುವ ನೀರಿನ ಯಂತ್ರದ ಹೆಚ್ಚುವರಿ ನೀರು ತೊಟ್ಟಿಕ್ಕುವ ಪೈಪಿನ ಕೆಳಗೆ ಹಳೆಯ ಪೇಂಟ್ ಡಬ್ಬಿ ಇಟ್ಟು, ಎರಡನ್ನೂ ಅದರಲ್ಲೇ ಊರಿದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, ಇದರಲ್ಲಿ ಬಸಳೆ ಯಾವುದು, ಬಚ್ಚಲಿ ಯಾವುದು ಎಂದು ಕೇಳಿದಳು.