ಕಾರಣವಿಲ್ಲದ ತಪಾಸಣೆ: ಇಂಗ್ಲೆಂಡಿನ 60ನೇ ಕಲಮಿನ ತರ್ಕ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಾರಿಹೋಕರನ್ನು ತಡೆದು ಆಯುಧಕ್ಕಾಗಿ ತಪಾಸಣೆ ಮಾಡಲು ಪೊಲೀಸರು ಮುಖ್ಯವಾಗಿ ಎರಡು ಕಾನೂನುಗಳನ್ನು ಆಧರಿಸುತ್ತಾರೆ. 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 1ನೇ ಕಲಮಿಗೆ ಸಮಂಜಸ ಸಂಶಯ ಬೇಕು. 1994ರ ಕ್ರಿಮಿನಲ್ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯ 60ನೇ ಕಲಮಿಗೆ ಅದು ಬೇಡ. ಗಂಭೀರ ಹಿಂಸಾಚಾರದ ನಿರೀಕ್ಷೆಯಿದೆಯೆಂದು ಅಧಿಕಾರಿಯೊಬ್ಬರು ಆದೇಶ ಹೊರಡಿಸಿದರೆ ಸಾಕು. ಗೊತ್ತುಪಡಿಸಿದ ಪ್ರದೇಶದಲ್ಲಿ 24 ಗಂಟೆ ಯಾರನ್ನು ಬೇಕಾದರೂ ತಡೆಯಬಹುದು, ಅವಧಿ ವಿಸ್ತರಿಸಲೂಬಹುದು.

ಸಂಶಯದ ಷರತ್ತು ಸುಮ್ಮನೆ ಬಂದದ್ದಲ್ಲ. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ‘ಸ್ವಾಂಪ್ 81’ ಕಾರ್ಯಾಚರಣೆ ಕೆಲವೇ ದಿನಗಳಲ್ಲಿ 943 ಜನರನ್ನು ತಡೆಯಿತು; ಬಂಧನವಾದದ್ದು 118. ಅದರ ಬೆನ್ನಿಗೇ ಗಲಭೆ ಭುಗಿಲೆದ್ದಿತು. ಆ ಗಲಭೆಯ ಕುರಿತ ಲಾರ್ಡ್ ಸ್ಕಾರ್ಮನ್ ವಿಚಾರಣಾ ವರದಿಯ ನಂತರದ ಚರ್ಚೆಯಲ್ಲೇ 1984ರ ಕಾಯ್ದೆ ರೂಪುಗೊಂಡಿತು. ಹತ್ತೇ ವರ್ಷಗಳಲ್ಲಿ ಸಂಸತ್ತು ಆ ಪಾಠಕ್ಕೊಂದು ವಿನಾಯಿತಿ ಕೊಟ್ಟಿತು.

60ನೇ ಕಲಮಿನ ಸಮರ್ಥನೆಯೆಲ್ಲ ನಿಂತಿರುವುದು ಭಯದ ಮೇಲೆ: ಯಾವಾಗ ತಡೆಯುತ್ತಾರೋ ಗೊತ್ತಿಲ್ಲದಿದ್ದರೆ ಚಾಕು ಮನೆಯಲ್ಲೇ ಉಳಿಯುತ್ತದೆ ಎಂಬ ಎಣಿಕೆ. ಲಂಡನ್ನಿನ ಬಸ್ಸೊಂದರಲ್ಲಿ ಟಿಕೆಟ್ ವಿಚಾರವಾಗಿ ಸಿಕ್ಕಿಬಿದ್ದು ತಪಾಸಣೆಗೊಳಗಾದ ಮಹಿಳೆಯೊಬ್ಬರ ಪ್ರಕರಣದಲ್ಲಿ, 2015ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಎಣಿಕೆಯನ್ನು ಒಪ್ಪಿ ಕಲಮನ್ನು ಎತ್ತಿಹಿಡಿಯಿತು. ಎಣಿಕೆ ನಿಜವೇ ಎಂಬ ಪ್ರಶ್ನೆಗೆ ಉತ್ತರ ಮರುವರ್ಷವೇ ಬಂತು, ಅದೂ ಗೃಹ ಸಚಿವಾಲಯದ ಅಧ್ಯಯನದಿಂದಲೇ. 2008ರಲ್ಲಿ ಆರಂಭವಾದ ‘ಬ್ಲಂಟ್ 2’ ಕಾರ್ಯಾಚರಣೆಯಲ್ಲಿ ಲಂಡನ್ನಿನ ಕೆಲವು ಆಡಳಿತ ವಿಭಾಗಗಳಲ್ಲಿ ಆಯುಧ ತಪಾಸಣೆ ಬಹಳಷ್ಟು ಹೆಚ್ಚಿತ್ತು. ಹೆಚ್ಚು ತಡೆದ ಕಡೆ ಅಪರಾಧ ಇಳಿದ ಗುರುತು ಸಂಶೋಧಕರಿಗೆ ಸಿಗಲಿಲ್ಲ. ಪೊಲೀಸ್ ಅಂಕಿಅಂಶಗಳ ಜೊತೆ ಆಂಬುಲೆನ್ಸ್ ಕರೆಗಳ ದಾಖಲೆಯನ್ನೂ ಅವರು ನೋಡಿದ್ದರು. ಆಂಬುಲೆನ್ಸ್ ದಾಖಲೆಗೆ ಹೆಚ್ಚಿನ ತೂಕ ಕೊಡಬೇಕೆಂದು ನನಗನ್ನಿಸುತ್ತದೆ: ಠಾಣೆಗೆ ದೂರು ಹೋಗದಿದ್ದರೂ ಇರಿತಕ್ಕೊಳಗಾದವನು ಆಸ್ಪತ್ರೆಗೆ ಹೋಗಲೇಬೇಕಲ್ಲ!

ಒಂದು ಆಕ್ಷೇಪಣೆ ನ್ಯಾಯವಾದದ್ದೇ. ಗುಂಪುಗಳ ನಡುವೆ ಸೇಡಿನ ಕೊಲೆ ಸನ್ನಿಹಿತವೆಂಬ ಖಚಿತ ಮಾಹಿತಿ ಬಂದ ರಾತ್ರಿ, ಒಂದೆರಡು ಬೀದಿಗಳ ಮಟ್ಟಿಗೆ ಈ ಅಧಿಕಾರ ಉಪಯೋಗಕ್ಕೆ ಬಂದೀತು. ಆದರೆ ಹಾಗೆ ಬೀದಿ ಮತ್ತು ಗಂಟೆಗಳನ್ನು ಬಿಗಿಯಾಗಿ ಗೊತ್ತುಪಡಿಸಲು ಬೇಕಾಗುವ ಮಾಹಿತಿಯೂ ಒಂದು ಬಗೆಯ ಕಾರಣವೇ. ಆದೇಶ ಕೊಡುವ ಹಂತದಲ್ಲಿ ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕಿತ್ತು. ಆ ದಿಕ್ಕಿನಲ್ಲಿ 2014ರಲ್ಲಿ ಹೇರಿದ್ದ ನಿರ್ಬಂಧಗಳನ್ನು 2022ರ ಮೇ ತಿಂಗಳಲ್ಲಿ ಗೃಹ ಸಚಿವೆ ಪ್ರೀತಿ ಪಟೇಲ್ ಕಾಯಂ ಆಗಿ ತೆಗೆದುಹಾಕಿದರು. ಆದೇಶದ ಅಧಿಕಾರ ಮತ್ತೆ ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಯಿತು.